ಜೂನ್ ಒಂದರ ಮಕ್ಕಳು

ಗದಗಿನ ವಯೋಮಾಪನ ಕೇಂದ್ರದಲ್ಲಿ ಕಸ್ತೂರಿಗೆ ದಿನಕ್ಕೆ ಅರವತ್ತು ಬೆರಳು ಚುಚ್ಚುವ ಕೆಲಸ. ಚುಚ್ಚಿಸಿಕೊಂಡವರಲ್ಲಿ ಐವತ್ತೈದು ಜನ ಅವಳನ್ನು ಬೈದುಕೊಂಡೇ ಹೋಗುತ್ತಿದ್ದರು. ಉಳಿದ ಐವರು ಬೈಯುವಷ್ಟು ತ್ರಾಣವಿಲ್ಲದವರು. ಅವರಿಗೆ ನಿವೃತ್ತಿ ಸಿಕ್ಕಿರುತ್ತಿತ್ತು.

ಬೈದವರದೂ ತಪ್ಪೇನಿರಲಿಲ್ಲ ಬಿಡಿ. ನಿವೃತ್ತಿಯ ವಯಸ್ಸನ್ನು ಸರ್ಕಾರ ಮೊದಲು ಅರವತ್ತೆರಡಕ್ಕೆ ಏರಿಸಿತು, ಆಮೇಲೆ ಅರವತ್ತನಾಲ್ಕಕ್ಕೆ. ಪೆನ್ಶನ್ನೋ, ಪ್ರತಿ ಬಜೆಟ್ಟಿಗೂ ಒಗೆದ ಅಂಗಿಯಂತೆ ಒಂದಿಷ್ಟು ಕುಗ್ಗುತ್ತಿತ್ತು. ಜನ ಬೀದಿಗಿಳಿದರು, ಬಸ್ಸುಗಳು ನಿಂತವು, ಕಚೇರಿಗಳಿಗೆ ಬೀಗ ಬಿತ್ತು. ಆಗ ಬೆಂಗಳೂರಿನ ಯಾರೋ ಜಾಣರು ಒಂದು ಉಪಾಯ ತೆಗೆದರು. ವಯಸ್ಸೆಷ್ಟು ಎಂದು ನೀವೂ ಹೇಳಬೇಡಿ, ನಾವೂ ಹೇಳುವುದಿಲ್ಲ, ನಿಮ್ಮ ಮೈಯೇ ಹೇಳಲಿ! ಮೈಗೆ ಅರವತ್ತಾರು ತುಂಬಿದ ದಿನ ಪೂರ್ತಿ ಪೆನ್ಶನ್ನಿನೊಂದಿಗೆ ಮನೆಗೆ ಹೋಗಿ. ತುಂಬದಿದ್ದರೆ ಮೂರು ವರ್ಷ ದುಡಿದು ಮತ್ತೆ ಅಳೆಸಿಕೊಳ್ಳಿ. ನಡುವೆ ಬಿಟ್ಟು ಹೋದರೆ ಅರ್ಧ ಪೆನ್ಶನ್. ಕೇಳುವುದಕ್ಕೆ ಎಷ್ಟು ನ್ಯಾಯವಾಗಿತ್ತೆಂದರೆ, ಧರಣಿ ಕೂತವರು ಕೂಡ ತಲೆ ಕೆರೆದುಕೊಂಡು ಎದ್ದು ಹೋದರು.

ಯಂತ್ರದ ವಿದ್ಯೆ ಇಷ್ಟೆ. ನಮ್ಮ ಜೀವಕೋಶಗಳೊಳಗಿನ ಡಿಎನ್‌ಎ ಎಳೆಗಳ ಮೇಲೆ ವಯಸ್ಸಾದಂತೆಲ್ಲ ಸಣ್ಣ ಸಣ್ಣ ರಾಸಾಯನಿಕ ಗುರುತುಗಳು ಕೂಡುತ್ತ, ಅಳಿಯುತ್ತ ಹೋಗುತ್ತವೆ. ವಯೋಮಾಪಕ ಎರಡು ಹನಿ ರಕ್ತದಲ್ಲಿ ಆ ಗುರುತುಗಳನ್ನು ಎಣಿಸುತ್ತದೆ. ಆದರೆ ಇಷ್ಟು ಗುರುತು ಅಂದರೆ ಇಷ್ಟು ವರ್ಷ ಎಂದು ಅದಕ್ಕೆ ಮೊದಲು ಯಾರಾದರೂ ಕಲಿಸಬೇಕಲ್ಲ? ಅದಕ್ಕಾಗಿ ವಯಸ್ಸು ಗೊತ್ತಿದ್ದ ಮೂರು ಸಾವಿರ ನೌಕರರು ಮತ್ತು ನಿವೃತ್ತರ ರಕ್ತ ತೆಗೆದು ಒಂದು ಮೂಲಪಟ್ಟಿ ಮಾಡಿದ್ದರು. ಯಂತ್ರ ಪ್ರತಿಯೊಬ್ಬರನ್ನೂ ಆ ಪಟ್ಟಿಯ ಪಕ್ಕದಲ್ಲಿ ನಿಲ್ಲಿಸಿ ನೋಡಿ, ಹನ್ನೊಂದು ನಿಮಿಷದಲ್ಲಿ ಚೀಟಿ ಉಗುಳುತ್ತಿತ್ತು.

ಕಸ್ತೂರಿಯ ಮಾವ ಫಕೀರಪ್ಪ ತಳವಾರ ವಿದ್ಯುತ್ ಇಲಾಖೆಯ ಲೈನ್‌ಮನ್. ಹೊಸ ಬಡಾವಣೆಗಳಲ್ಲಿ ತಂತಿಯೆಲ್ಲ ನೆಲದೊಳಗೆ ಹೋಗಿದ್ದರೂ ಹಳೆಯ ಓಣಿಗಳಲ್ಲಿ ಕಂಬ ಹತ್ತುವುದು ತಪ್ಪಿರಲಿಲ್ಲ. ಮಾವನ ಅಳತೆಗೆ ನಾಲ್ಕು ತಿಂಗಳಿರುವಾಗಲೇ ಅತ್ತೆ ನೀಲವ್ವ ಅವನನ್ನು ಮುದುಕನನ್ನಾಗಿ ಮಾಡುವ ಯೋಜನೆ ಹಾಕಿದ್ದಳು. ಜೋಳದ ರೊಟ್ಟಿ ಬಂದಾಯಿತು, ಪುಂಡಿಸೊಪ್ಪಿನ ಪಲ್ಲೆ ಬಂದಾಯಿತು. ಹೊತ್ತು ಹೊತ್ತಿಗೆ ಮಿರ್ಚಿ ಭಜಿ, ಮೈದಾ ಪೂರಿ, ಮೂರು ಚಮಚ ಸಕ್ಕರೆಯ ಚಹಾ. ಊರಿಗೆ ಊರೇ ಹಾಗಿತ್ತು. ಭೀಷ್ಮ ಕೆರೆಯ ದಂಡೆಯ ಮೇಲೆ ಬೆಳಗಿನ ವಾಯುವಿಹಾರಕ್ಕೆ ಬರುತ್ತಿದ್ದ ನೌಕರರು ಒಬ್ಬರೂ ಉಳಿದಿರಲಿಲ್ಲ. ಯೋಗ ಹೇಳಿಕೊಡುವವರು ಅಂಗಡಿ ಮುಚ್ಚಿದರು, ಭಜಿ ಅಂಗಡಿಯವರು ಇನ್ನೊಂದು ಒಲೆ ಹೂಡಿದರು.

"ತಿನ್ರೀ, ತಿನ್ರೀ," ಎಂದು ನೀಲವ್ವ ಬಿಸಿ ಭಜಿ ಮುಂದಿಡುತ್ತಿದ್ದಳು. "ಇನ್ನೆರಡು ತಿಂದ್ರ ಒಂದ್ ವಾರ ಮೊದಲ ಮನೀಗೆ ಬರ್ತೀರಿ."

"ಮನೀಗೆ ಬರ್ತೀನೋ, ಮಣ್ಣಿಗೆ ಹೋಗ್ತೀನೋ, ಅದನ್ನ ನೋಡ್ಕೊಂಡು ನೀಡಬೇ," ಎಂದು ಮಾವ ನಗುತ್ತಿದ್ದ. ತಿನ್ನುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಸಂಬಂಧಿಕರ ಬೆರಳು ಚುಚ್ಚುವಂತಿಲ್ಲವೆಂಬ ನಿಯಮವಿತ್ತು. ಹಾಗಾಗಿ ಅಳತೆಯ ದಿನ ಪಕ್ಕದ ಕಿಟಕಿಯವಳು ಚುಚ್ಚಿದಳು, ಕಸ್ತೂರಿ ಕೈ ಹಿಸುಕಿಕೊಳ್ಳುತ್ತ ನಿಂತಳು. ಚೀಟಿ ಬಂತು. ಅರವತ್ತಮೂರು ವರ್ಷ ಎಂಟು ತಿಂಗಳು. ಶಾಲೆಯ ದಾಖಲೆಯಲ್ಲಿದ್ದ ವಯಸ್ಸೂ ಸರಿಯಾಗಿ ಅಷ್ಟೇ ಇತ್ತು. ಕೇಂದ್ರದಲ್ಲಿದ್ದವರೆಲ್ಲ ಯಂತ್ರದ ಕರಾರುವಾಕ್ಕುತನಕ್ಕೆ ತಲೆದೂಗಿದರು.

"ಎಷ್ಟ್ ಬಂತವಾ?" ಎಂದು ಮಾವ ಕೇಳಿದ. ಹೇಳಿದಳು. "ಅಂದ್ರ ಇನ್ನೂ ಹುಡುಗ ಅದೀನಿ ಅನ್ನು!" ಎಂದು ಎಲ್ಲರಿಗೂ ಕೇಳುವಂತೆ ನಕ್ಕು, ಟೊಪ್ಪಿಗೆ ಸರಿಮಾಡಿಕೊಂಡು ಕೆಲಸಕ್ಕೆ ಹೋದ. ನಾಲ್ಕು ತಿಂಗಳ ಭಜಿಯಿಂದ ತೂಕವೊಂದು ನಾಲ್ಕು ಕಿಲೋ ಏರಿತ್ತು, ಅಷ್ಟೆ. ಅದನ್ನೂ ಹೊತ್ತುಕೊಂಡು ಇನ್ನು ಮೂರು ವರ್ಷ ಕಂಬ ಹತ್ತಬೇಕಾಗಿತ್ತು.

ಒಂದು ತಿಂಗಳ ಮೇಲೆ, ಊಟದ ಬಿಡುವಿನಲ್ಲಿ ಹಣ್ಣು ತರಲು ಹೊರಟಿದ್ದ ಕಸ್ತೂರಿ ಹಳೇ ಬಾವಿ ಓಣಿಯಲ್ಲಿ ಮಾವನನ್ನು ಕಂಡಳು. ಕಂಬದ ಮೇಲಿದ್ದ. ಕೆಲಸ ಮುಗಿದಂತಿತ್ತು, ಆದರೆ ಇಳಿಯುತ್ತಿರಲಿಲ್ಲ. ಎರಡೂ ಕೈಗಳಿಂದ ಕಂಬವನ್ನು ತಬ್ಬಿಕೊಂಡು, ಕಬ್ಬಿಣಕ್ಕೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದ. ಎಡಗಾಲು ಮಂಡಿಯಿಂದ ಕೆಳಕ್ಕೆ ತಾನೇ ತಾನಾಗಿ ನಡುಗುತ್ತಿತ್ತು. ಕಸ್ತೂರಿ ನಿಂತಲ್ಲೇ ನಿಂತು ನೋಡಿದಳು. ಕೂಗಿದರೆ ಬೆದರಿ ಕೈಬಿಟ್ಟಾನೆಂಬ ಭಯ. ಐದಾರು ನಿಮಿಷದ ಮೇಲೆ ಒಂದೊಂದೇ ಹೆಜ್ಜೆ ತಡಕಾಡುತ್ತ ಇಳಿದು ಬಂದು, ಕಂಬದ ಬುಡದಲ್ಲಿ ಕುಕ್ಕರಿಸಿದ. ಆಮೇಲೆ ಸೊಸೆಯನ್ನು ನೋಡಿದ.

"ಯಾವಾಗಿನಿಂದ ಹಿಂಗ, ಮಾವಾರ?"

"ದೀಪಾವಳಿಯಿಂದ." ಆತ ಮಂಡಿ ನೀವಿಕೊಂಡ. "ನಿಮ್ಮತ್ತಿಗೆ ಹೇಳಬ್ಯಾಡವಾ. ಅಕಿ ಸುಮ್ಮ ಕುಂಡ್ರಾಕಿ ಅಲ್ಲ. ನಾಳೆಯಿಂದ ಕಂಬದ ಬುಡಕ್ಕ ಬಂದು ನಿಂದರ್ತಾಳ."

"ಬಿಟ್ಟಬಿಡ್ರಿ ಈ ಕೆಲಸ. ಅರ್ಧ ಪೆನ್ಶನ್ ಬಂದ್ರ ಬರ್ಲಿ."

"ಅರ್ಧದಾಗ ಇಬ್ಬರ ಗುಳಿಗಿನೂ ಬರೂದಿಲ್ಲ. ನಿನ್ನ ಗಂಡ ಲಾರಿ ಹೊಡದು ಹೊಡದು ಬೆನ್ನು ಮುರಕೊಳ್ಳಾಕತ್ತಾನ. ಅವನ ಮ್ಯಾಲೆ ನಾವು ಬ್ಯಾರೆ ಬೀಳೂಣೇನು? ಹೋಗು, ನಿನ್ನ ಬಿಡುವು ಮುಗೀತು."

ಕಸ್ತೂರಿ ಹೋದಳು. ಆದರೆ ಅಂದಿನಿಂದ ಅವಳ ಕೈ ಮಾತ್ರ ಬೆರಳು ಚುಚ್ಚುತ್ತಿತ್ತು, ಮನಸ್ಸು ಯಾವುದೋ ಕಂಬದ ಮೇಲಿರುತ್ತಿತ್ತು. ಮೂರು ವರ್ಷ ಈ ಕಾಲು ತಡೆಯುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಾಗಿತ್ತು. ತಾನು ದಿನಾ ಒರೆಸಿ ಹೊಳಪು ಮಾಡುವ ಯಂತ್ರವೇ ಅವನನ್ನು ಅಲ್ಲಿ ಹತ್ತಿಸಿ ನಿಲ್ಲಿಸಿತ್ತು.

ಜೂನ್ ಒಂದನೇ ತಾರೀಕು ಮಾವ ಡಬ್ಬಿ ಮರೆತು ಹೋಗಿದ್ದನೆಂದು ಕಸ್ತೂರಿ ಅವನ ಸೆಕ್ಷನ್ ಆಫೀಸಿಗೆ ಹೋದಳು. ಒಳಗೆ ಜಾತ್ರೆಯಂಥ ಗದ್ದಲ. ಮೇಜಿನ ಮೇಲೊಂದು ದೊಡ್ಡ ಕೇಕು, ಅದರ ಸುತ್ತ ಕಾಗದದ ಟೊಪ್ಪಿಗೆ ಹಾಕಿಕೊಂಡ ಹನ್ನೊಂದು ಜನ ಮುದುಕರು. ಹನ್ನೊಂದೂ ಜನರ ಹುಟ್ಟಿದ ಹಬ್ಬ ಅದೇ ದಿನ.

"ಪ್ರತಿ ವರ್ಷ ಇದ ನಮ್ಮ ಹಬ್ಬ," ಎಂದು ಮಾವ ಅವಳ ಬಾಯಿಗೂ ಒಂದು ತುಣುಕಿಟ್ಟ. "ಹಳ್ಳಿ ಸಾಲ್ಯಾಗ ಕಲ್ತ ನಾವೆಲ್ಲಾ ಜೂನ್ ಒಂದಕ್ಕ ಹುಟ್ಟೀವಿ. ಸಾಲಿ ಸುರು ಆಗೂದು ಆವತ್ತ ನೋಡು. ಮಾಸ್ತರು ಬರದದ್ದ ಜನ್ಮದಿನ."

ಎಲ್ಲರೂ ನಕ್ಕರು. ಕಸ್ತೂರಿಗೂ ಇದು ಗೊತ್ತಿಲ್ಲದ್ದೇನಲ್ಲ. ಅವಳ ಅಪ್ಪನೂ ಜೂನ್ ಒಂದರವನೇ. ಆದರೆ ಅಂದು ಕೇಕು ಗಂಟಲಿಗಿಳಿಯುವ ಮೊದಲೇ ಒಂದು ಮಾತು ತಲೆಗೆ ಹೊಕ್ಕಿತು. ಮಾಸ್ತರು ದಿನವನ್ನು ಅಂದಾಜಿನ ಮೇಲೆ ಬರೆದರು, ಸರಿ. ವರ್ಷವನ್ನು?

ಪ್ರತಿ ಸೋಮವಾರ ಯಂತ್ರವನ್ನು ಮೂಲಪಟ್ಟಿಗೆ ತಾಳೆ ನೋಡುವುದು ಅವಳದೇ ಕೆಲಸ. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಮೂರು ಸಾವಿರ ಸಾಲು ಬರುತ್ತಿದ್ದವು. ಹೆಸರಿಲ್ಲ, ಹುಟ್ಟಿದ ದಿನ ಮತ್ತು ಗುರುತುಗಳ ಎಣಿಕೆ, ಅಷ್ಟೆ. ಆ ಸೋಮವಾರ ಅವಳು ಜೂನ್ ಒಂದರವರನ್ನು ಬೇರೆ ಮಾಡಿದಳು. ಎರಡು ಸಾವಿರದ ನೂರು ಜನ! ಇಷ್ಟೂ ಜನ ಒಂದೇ ತಾರೀಕಿಗೆ ಹುಟ್ಟಿದ್ದರೆ ಸೂಲಗಿತ್ತಿಯರ ಗತಿಯೇನಾಗಬೇಕಿತ್ತು ಎಂದು ಅವಳಿಗೆ ನಗು ಬಂತು. ಆಮೇಲೆ ಎರಡೂ ಗುಂಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ನಗು ನಿಂತಿತು. ದಾಖಲೆಯಲ್ಲಿ ಒಂದೇ ವಯಸ್ಸು ಇದ್ದರೂ ಜೂನ್ ಒಂದರವರ ಗುರುತುಗಳು ಉಳಿದವರಿಗಿಂತ ಮೂರೂವರೆ ವರ್ಷ ಮುಂದಿದ್ದವು.

ಯಂತ್ರಕ್ಕೆ ಪಾಠ ಹೇಳಿದ್ದೇ ತಪ್ಪು ವಯಸ್ಸಿನವರು. ಅರವತ್ತು ಎಂದು ಬರೆದಿದ್ದ ಅರವತ್ತಮೂರರ ಮೈಯನ್ನು ನೋಡಿ, ಅರವತ್ತೆಂದರೆ ಹೀಗಿರುತ್ತದೆ ಎಂದು ಅದು ಕಲಿತಿತ್ತು. ಉಳಿದವರು ಸೇರಿ ಸರಾಸರಿಯಾಗಿ, ಎಲ್ಲರಿಗೂ ಎರಡೂವರೆ ವರ್ಷ ಕಡಿಮೆ ಹೇಳುತ್ತಿತ್ತು. ಶಾಲೆಯ ದಾಖಲೆಗೂ ಚೀಟಿಗೂ ತಾಳೆಯಾಗುತ್ತಿದ್ದುದು ಯಂತ್ರದ ಜಾಣತನದಿಂದಲ್ಲ; ಎರಡಕ್ಕೂ ಒಂದೇ ತಪ್ಪು ಅಂಟಿಕೊಂಡಿತ್ತು.

ಅಂದೇ ಬೆಂಗಳೂರಿನ ಮುಖ್ಯ ಪ್ರಯೋಗಾಲಯಕ್ಕೆ ವೀಡಿಯೊ ಕರೆ ಮಾಡಿದಳು. ಯಂತ್ರದ ಉಸ್ತುವಾರಿಯಿದ್ದ ಡಾಕ್ಟರ್ ಸುಮೇಧಾ ಪೂರ್ತಿ ಕೇಳಿಸಿಕೊಂಡರು. ಕೊಬ್ಬಿನ ಹೆಂಗಸಲ್ಲ, ಆದರೆ ಸುಲಭಕ್ಕೆ ಬಗ್ಗುವವರೂ ಅಲ್ಲ.

"ಜೂನ್ ಒಂದು ಅಂತ ನಾವೂ ಗಮನಿಸಿದ್ವಿ ಕಸ್ತೂರಿ. ತಾರೀಕು ಅಂದಾಜು ಇರಬಹುದು ಅಂತ ಬಿಟ್ವಿ. ನೀವು ಹೇಳೋ ಮೂರೂವರೆ ವರ್ಷಕ್ಕೆ ಬೇರೆ ಕಾರಣಾನೂ ಇರಬಹುದಲ್ಲ? ಹಳ್ಳಿಯಲ್ಲಿ ಬೆಳೆದವರು, ಚಿಕ್ಕಂದಿನಿಂದ ಮೈಮುರಿದು ದುಡಿದವರು. ಅವರ ಮೈ ಬೇಗ ಸವೆದಿರುತ್ತೆ. ಯಂತ್ರ ಅಳೆಯೋದೇ ಆ ಸವೆತಾನ."

ಕಸ್ತೂರಿ ಎರಡೂ ಗುಂಪಿನ ಸಾಲುಗಳನ್ನು ಮತ್ತೊಮ್ಮೆ ನೋಡಿದಳು. ಹಾಗೂ ಇದ್ದೀತು.

"ನಿಜವಾದ ವಯಸ್ಸು ಗೊತ್ತಿರೋ ಜೂನ್ ಒಂದರವರು ಮೂವತ್ತು ಜನ ಸಿಕ್ಕರೆ ನಿಮ್ಮ ಕೇಂದ್ರಕ್ಕೆ ಕರೆಸಿ," ಎಂದರು ಡಾಕ್ಟರು. "ನಾನೇ ಗದಗಿಗೆ ಬಂದು ಕೂತು ನೋಡ್ತೀನಿ."

ನಿಜವಾದ ವಯಸ್ಸು ಯಾರಿಗೆ ಗೊತ್ತು? ಹೆತ್ತವರು ಹೋಗಿ ಎಷ್ಟೋ ವರ್ಷವಾಗಿದೆ. ಬರೆದ ಮಾಸ್ತರರು ಇದ್ದಾರೆಯೇ ಎಂದು ಮಾವನನ್ನು ಕೇಳಿದಳು. ಗುರುಪಾದಯ್ಯ ಹಿರೇಮಠ ಮಾಸ್ತರರು ಬೆಟಗೇರಿಯಲ್ಲಿ ಮೊಮ್ಮಗಳ ಮನೆಯಲ್ಲಿದ್ದರು. ಎಂಬತ್ತೊಂಬತ್ತು ವರ್ಷ. ಕಣ್ಣು ಮಂಜಾಗಿತ್ತು, ಕಿವಿಯೂ ನೆನಪೂ ಚುರುಕಾಗಿದ್ದವು.

"ಫಕೀರನ ಸೊಸೀನ ನೀನು? ಬಾ ತಂಗಿ. ಅಂವಾ ಕಂಬ ಹತ್ತೂದು ಬಿಟ್ಟಾನಿಲ್ಲೋ?"

"ಇಲ್ರೀ ಅಜ್ಜಾರ. ಮಷಿನ್ ಬಿಡಗೊಡವಲ್ದು." ಕಸ್ತೂರಿ ಎಲ್ಲವನ್ನೂ ಹೇಳಿದಳು. ಮಂಡಿಯ ನಡುಕವನ್ನೂ ಹೇಳಿದಳು.

ಮಾಸ್ತರರು ಗೋಡೆಗೆ ಒರಗಿ ಕೂತು ಹೇಳತೊಡಗಿದರು. "ಆಗ ಹುಟ್ಟಿದ ದಾಖಲೆ ಯಾರ ಹಂತ್ಯಾಕೂ ಇರ್ತಿದ್ದಿಲ್ಲ. ಬಲಗೈ ತಲಿ ಮ್ಯಾಲಿಂದ ತಂದು ಎಡಗಿವಿ ಮುಟ್ಟಿಸ್ತಿದ್ದೆ. ಮುಟ್ಟಿದ್ರ ಆರು ವರ್ಷ, ಒಂದನೇತ್ತಾಕ್ಕ ಸೇರಸ್ಕೊ. ಫಕೀರ ಬಂದಾಗ ಕಿವಿ ಮುಟ್ಟೂದೇನು, ಗದ್ದಾನ ಹಿಡಕೊಂಡ! ಎರಡೂವರಿ ವರ್ಷ ದನಾ ಕಾಯ್ದು ಬಂದಿದ್ದ. ಅರ್ಧಕ್ಕಿಂತ ಹೆಚ್ಚು ಹುಡುಗರು ಹಂಗ. ಖರೇ ವಯಸ್ಸು ಬರದ್ರ ಮುಂದ ನೌಕರಿ ಅರ್ಜಿ ಹಾಕೂ ಹೊತ್ತಿಗೆ ವಯಸ್ಸು ಮೀರಿ ಹೋಗ್ತಿತ್ತು. ಹುಡುಗರು ಎರಡು ವರ್ಷ ಹೆಚ್ಚಿಗಿ ಪಗಾರ ಉಣ್ಣಲಿ ಅಂತ ಎಲ್ಲಾರಿಗೂ ಆರ ಬರದೆ." ಅವರು ಹಣೆ ಬಡಿದುಕೊಂಡರು. "ಹೆಚ್ಚಿಗಿ ಉಣ್ಣಲಿ ಅಂತ ಬರದದ್ದು ಹೆಚ್ಚಿಗಿ ದುಡೀಲಿ ಅಂತ ಆಗಿಹೋತಲ್ಲ ತಂಗಿ."

"ಖರೇ ವಯಸ್ಸು ನಿಮಗ ನೆನಪದಾವೇನ್ರಿ?"

"ನೆನಪ್ಯಾಕ? ಬರದಿಟ್ಟೀನಿ." ಮಾಸ್ತರರು ಮೊಮ್ಮಗಳಿಂದ ಟ್ರಂಕು ಎಳೆಸಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲೇ ಜನಗಣತಿ ಬಂದಿತ್ತು. ಎಲ್ಲ ಮಾಸ್ತರರಂತೆ ಅವರೂ ಮನೆಮನೆ ತಿರುಗಿದ್ದರು. ಸರ್ಕಾರಕ್ಕೆ ಕೊಡುವ ಮೊದಲು ಒಂದು ನೋಟುಬುಕ್ಕಿನಲ್ಲಿ ಕಚ್ಚಾ ಪ್ರತಿ ಬರೆದುಕೊಂಡಿದ್ದರು, ಯಾರು ಯಾವ ಹಬ್ಬ, ಯಾವ ಹುಣ್ಣಿಮೆಗೆ ಹುಟ್ಟಿದರೆಂಬುದರ ಸಮೇತ. ಹಳದಿ ಹಾಳೆಗಳ ನಡುವೆ ಕಸ್ತೂರಿ ಬೆರಳಾಡಿಸುತ್ತ ಹೋದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು. ತಳವಾರ ಮನೆ. ಫಕೀರ, ಗಂಡು, ವಯಸ್ಸು ಒಂದು, ಎಳ್ಳಮಾವಾಸ್ಯೆಯ ಸುಮಾರಿಗೆ ಹುಟ್ಟಿದ್ದು, ಮೊನ್ನೆ ನಡೆಯಲು ಕಲಿತಿದೆ. ಈಗ ಮೆಟ್ಟಿಲು ತಡಕಾಡುವ ಆ ಕಾಲು ಒಂದು ದಿನ ಹೀಗೆ ಮೊದಲ ಹೆಜ್ಜೆಯಿಟ್ಟಿತ್ತೆಂದು ಓದಿ ಅವಳಿಗೆ ಕಣ್ಣು ತುಂಬಿ ಬಂತು.

"ಅಜ್ಜಾರ, ಇದನ್ನ ತೋರಿಸಿದ್ರ ನೀವು ಸುಳ್ಳು ವಯಸ್ಸು ಬರದೀರಿ ಅಂತ ಆಗ್ತೈತಿ. ನಿಮ್ಮ ಪೆನ್ಶನ್‌ಗೆ ಏನರ ಮಾಡಿದ್ರ?"

"ನಿಂದ್ರಿಸಿದ್ರ ನಿಂದ್ರಿಸಲಿ. ನನ್ನ ಹುಡುಗರು ಈ ವಯಸ್ಸಿನ್ಯಾಗ ಕಂಬದ ಮ್ಯಾಲೆ ಜೋತುಬಿದ್ದಿರ್ಬೇಕಾದ್ರ ನಾ ಕುಂತು ಪೆನ್ಶನ್ ಉಣ್ಣಲೇನು? ಎಲ್ಲಿ ಸಹಿ ಮಾಡ್ಬೇಕು ಹೇಳು."

ಮಾಸ್ತರರ ಹುಡುಗರಲ್ಲಿ ಮೂವತ್ತೊಂದು ಜನ ಸಿಕ್ಕರು. ಕೆಲವರು ಲೈನ್‌ಮನ್, ಕೆಲವರು ಬಸ್ಸಿನ ಕಂಡಕ್ಟರು, ಇಬ್ಬರು ಆಸ್ಪತ್ರೆಯ ಆಯಾಗಳು. ಡಾಕ್ಟರ್ ಸುಮೇಧಾ ಮಾತಿಗೆ ತಪ್ಪದೆ ಬಂದು ನಿಯಂತ್ರಣ ಕೊಠಡಿಯಲ್ಲಿ ಕೂತರು. ಹೊರಗೆ ಮಾಸ್ತರರ ಗಾಲಿಕುರ್ಚಿಯ ಸುತ್ತ ಬಿಳಿತಲೆಯವರೆಲ್ಲ ನೆಲದ ಮೇಲೆ ಕೂತಿದ್ದರು. ಒಬ್ಬನು ಬೀಡಿ ತೆಗೆಯಲು ಹೋಗಿ ಮಾಸ್ತರರ ಮುಖ ನೋಡಿ ಮತ್ತೆ ಜೇಬಿಗಿಳಿಸಿದ.

ಒಂದೊಂದಾಗಿ ಚೀಟಿಗಳು ಬಂದವು. ಡಾಕ್ಟರು ಪ್ರತಿಯೊಂದನ್ನೂ ನೋಟುಬುಕ್ಕಿನ ಸಾಲಿನ ಪಕ್ಕ ಇಟ್ಟು ಬರೆದುಕೊಂಡರು. ಸರಿಯಾದ ವಯಸ್ಸಿಗೆ ಶಾಲೆಗೆ ಬಂದವರು ಹನ್ನೆರಡು ಜನ, ತಡವಾಗಿ ಬಂದವರು ಹತ್ತೊಂಬತ್ತು ಜನ. ದುಡಿದು ಮೈ ಸವೆದಿದ್ದರೆ ಯಂತ್ರ ಇವರಿಗೆ ನಿಜವಾದ ವಯಸ್ಸಿಗಿಂತ ಹೆಚ್ಚು ಹೇಳಬೇಕಿತ್ತು. ಅದು ಕಡಿಮೆ ಹೇಳಿತ್ತು. ಎರಡೂ ಗುಂಪಿಗೆ ಒಂದೇ ಸಮ, ಹೆಚ್ಚುಕಡಿಮೆ ಎರಡೂವರೆ ವರ್ಷ.

ಸುಮೇಧಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಮ್ಮಪ್ಪನೂ ಜೂನ್ ಒಂದೇ ಕಣ್ರೀ," ಎಂದರು. "ಹೋದ ವರ್ಷ ಬಸ್ ಡಿಪೋದಲ್ಲೇ ಕುಸಿದುಬಿದ್ದು ತೀರಿಕೊಂಡ್ರು. ಇನ್ನೂ ಮೂರು ವರ್ಷ ದುಡೀರಿ ಅಂದಿದ್ದು ನಾನೇ ಮಾಡಿದ ಯಂತ್ರ." ಕಸ್ತೂರಿ ನೀರು ತಂದುಕೊಟ್ಟು, ಅವರ ಪಕ್ಕದಲ್ಲಿ ಕೂತಳು.

ವರದಿ ಹೋಯಿತು. ಸರ್ಕಾರ ಸುಮ್ಮನೆ ಒಪ್ಪಲಿಲ್ಲ; ಒಂದು ಸಮಿತಿ, ಅದರ ಮೇಲೊಂದು ಸಮಿತಿ. ಆದರೆ ಸುದ್ದಿ ಪತ್ರಿಕೆಗೆ ಬಂದ ಮೇಲೆ ಊರೂರಿನ ಜೂನ್ ಒಂದರವರೆಲ್ಲ ಬೀದಿಗಿಳಿದರು. ಅವರ ಸಂಖ್ಯೆ ಎಷ್ಟಿತ್ತೆಂದು ಆಗಲೇ ಎಲ್ಲರಿಗೂ ಗೊತ್ತಾದದ್ದು. ಮಾಸ್ತರರ ಪೆನ್ಶನ್ ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ನವರಾತ್ರಿಯ ಹೊತ್ತಿಗೆ ಯಂತ್ರಕ್ಕೆ ಹೊಸ ಮೂಲಪಟ್ಟಿ ಬಂತು, ಹಳಬರನ್ನೆಲ್ಲ ಮತ್ತೆ ಅಳೆಯಬೇಕೆಂದು ಆದೇಶವಾಯಿತು. ಫಕೀರಪ್ಪ ಅಷ್ಟರವರೆಗೂ ಕಂಬ ಹತ್ತಿದ. ಪ್ರತಿ ಸಂಜೆ ಅವನ ಚಪ್ಪಲಿಯ ಸಪ್ಪಳ ಬಾಗಿಲಲ್ಲಿ ಕೇಳುವವರೆಗೂ ಕಸ್ತೂರಿಗೆ ಒಲೆಯ ಮೇಲಿನದು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ.

ಮರು ಅಳತೆಯ ದಿನ ಹನ್ನೊಂದು ನಿಮಿಷ ಮುಗಿದು ಚೀಟಿ ಬಂತು. ಅರವತ್ತಾರು ವರ್ಷ ಒಂಬತ್ತು ತಿಂಗಳು. ಪಕ್ಕದ ಕಿಟಕಿಯವಳು ಚಪ್ಪಾಳೆ ತಟ್ಟಿದಳು. ಸಾಲಿನಲ್ಲಿ ನಿಂತವರು ಫಕೀರಪ್ಪನನ್ನು ಎತ್ತಿ ಕುಣಿಸಿದರು. ಸೆಕ್ಷನ್ನಿನವರು ಮಾಲೆ ಹಾಕಿ, ಶಾಲು ಹೊದಿಸಿ, ಮೆರವಣಿಗೆಯಲ್ಲಿ ಮನೆಗೆ ತಂದುಬಿಟ್ಟರು.

ನೀಲವ್ವ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಲ್ರೀ, ಲಗ್ನದಾಗ ನನಗಿಂತ ಎರಡ ವರ್ಷ ದೊಡ್ಡಂವ ಅಂತ ಹೇಳಿದ್ರಲ್ಲ? ಈಗ ನೋಡಿದ್ರ ನಾಲ್ಕೂವರಿ! ಮೊದಲ ಗೊತ್ತಿದ್ರ ಒಲ್ಲೆ ಅಂತಿದ್ದೆ."

"ಇನ್ನೂ ಏನ್ ಕೆಟ್ಟಿಲ್ಲ, ಹೊಸದೊಂದು ನೋಡ್ಕೊ," ಎಂದು ಮಾವ ಅವಳ ಕೆನ್ನೆಗೆ ಅರಿಶಿನ ಒರೆಸಿದ. ಅವಳು ನಾಚಿ ತಟ್ಟೆ ಬೀಳಿಸುವುದರಲ್ಲಿದ್ದಳು.

ಊಟವಾಗಿ ಬಂದವರೆಲ್ಲ ಹೋದ ಮೇಲೆ ಮಾವ ಪಡಸಾಲೆಯ ಫ್ಯಾನಿನ ಕೆಳಗೆ ಕೂತ. ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದ.

"ಕಸ್ತೂರವ್ವ, ನಿನ್ನೆ ತನಕಾ ನಾ ಅರವತ್ನಾಲ್ಕರಂವ ಇದ್ದೆ. ಇವತ್ತ ಅರವತ್ತೇಳಕ್ಕ ಬಂದೀನಿ. ನಡುವಿನ ಎರಡೂವರಿ ವರ್ಷ ಎಲ್ಲಿ ಹೋದ್ವು?"

ತಮಾಷೆಗೇ ಕೇಳಿದ್ದ. ಆದರೆ ಕಸ್ತೂರಿಗೆ ನಗು ಬರಲಿಲ್ಲ. ಇಷ್ಟು ದಿನ ಮೂರು ವರ್ಷದ ದುಡಿತವನ್ನು ಅವನ ಹೆಗಲಿಂದ ಇಳಿಸಬೇಕೆಂದಷ್ಟೇ ಓಡಾಡಿದ್ದಳು. ಇಳಿಸಿದ ಭಾರದ ಜೊತೆ ಅವನ ಆಯುಷ್ಯದ ಲೆಕ್ಕದಿಂದಲೂ ವರ್ಷಗಳು ಜಾರಿಹೋಗುತ್ತವೆಂದು ಹೊಳೆದೇ ಇರಲಿಲ್ಲ. ನಿನ್ನೆಗಿಂತ ಇವತ್ತು ಈ ಮನುಷ್ಯ ತಮ್ಮೊಂದಿಗೆ ಇರುವ ದಿನಗಳು ಕಡಿಮೆ.

"ನಾನ ನಿಮ್ಮನ್ನ ಮುದುಕನ್ನ ಮಾಡಿಬಿಟ್ಟೆ, ಮಾವಾರ," ಎಂದಳು. ಅಳು ತಡೆಯಲಾಗಲಿಲ್ಲ.

ಮಾವ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಫ್ಯಾನು ಗರಗರ ಸದ್ದು ಮಾಡಿ ನಿಂತಿತು. ಕರೆಂಟು ಹೋಯಿತು. ಓಣಿಯ ತುಂಬ ರೇಡಿಯೊಗಳು ಒಮ್ಮೆಲೇ ಬಾಯಿ ಮುಚ್ಚಿದವು, ಯಾರೋ ಹೊರಗೆ ಬಂದು "ಫಕೀರಣ್ಣಾ!" ಎಂದು ಕೂಗಿದರು.

ಮಾವ ಎದ್ದೇಬಿಟ್ಟ. ನಲವತ್ತು ವರ್ಷದ ರೂಢಿ; ಕೈ ಗೋಡೆಯ ಗೂಟದಲ್ಲಿ ಕಂಬ ಹತ್ತುವ ಬೆಲ್ಟು ಹುಡುಕಿತು. ಗೂಟ ಬರಿದಾಗಿತ್ತು, ಬೆಲ್ಟನ್ನು ಚೀಟಿ ಬಂದ ಮೇಲೆ ಆಫೀಸಿಗೆ ಒಪ್ಪಿಸಿ ಬಂದಿದ್ದ. ಅಡುಗೆಮನೆಯ ಬಾಗಿಲಿಗೆ ಬಂದ ನೀಲವ್ವ ಅವನ ಕೈಯನ್ನೇ ನೋಡುತ್ತಿದ್ದಳು. ಖಾಲಿ ಗೂಟದ ಮೇಲೆ ಕೈಯಿಟ್ಟುಕೊಂಡು ಮಾವ ಅರೆಗಳಿಗೆ ನಿಂತ. ಆಮೇಲೆ ಹೊರಗಿನವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ, "ಬರ್ತೈತಿ ಬಿಡ್ರೋ. ಬಂದಾಗ ಬರ್ತೈತಿ."

ತಿರುಗಿ ಬಂದು ಕೂತ. ಮೂಲೆಯಲ್ಲಿದ್ದ ಬೀಸಣಿಗೆಯನ್ನು ಎಳೆದುಕೊಂಡು, ಕಣ್ಣೊರೆಸಿಕೊಳ್ಳುತ್ತಿದ್ದ ಸೊಸೆಗೆ ಮೆಲ್ಲಗೆ ಗಾಳಿ ಹಾಕತೊಡಗಿದ. ಅವಸರವೇನೂ ಇರಲಿಲ್ಲ.